ಊರಿನಿಂದ ಕೇರಿಗೆ ಎಷ್ಟು ದಿನದ ದಾರಿ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಫೋನಿನಲ್ಲಿ ಒಂದು ಸಾಮಾನು ತರಿಸಬೇಕು ಅಂದ್ರೆ ಮೊದಲು ಪಿನ್‌ಕೋಡ್ ಕೇಳುತ್ತೆ. ಆರು ಅಂಕಿ ಒತ್ತಿದ ತಕ್ಷಣ ‘ಗುರುವಾರದೊಳಗೆ ತಲುಪುತ್ತದೆ’ ಅಂತ ಬರುತ್ತೆ. ಊರಗೌಡರ ಮನೆಗೂ ಅದೇ ಪಿನ್‌ಕೋಡ್, ಕೇರಿಗೂ ಅದೇ ಪಿನ್‌ಕೋಡ್. ಹಾಗಾಗಿ ಪರದೆ ಮೇಲೆ ಇಬ್ಬರಿಗೂ ಗುರುವಾರವೇ. ಆದರೆ ಆ ಗುರುವಾರ ಏನಾಗುತ್ತೆ ಅನ್ನೋದು ನಮ್ಮಂಥ ಹಳ್ಳಿಗಳಲ್ಲಿ ಬದುಕಿದವರಿಗೆ ಗೊತ್ತು. ಊರೊಳಗೆ ಬಾಗಿಲಿಗೆ ಹೋಗಿ ಕೊಡ್ತಾರೆ. ಕೇರಿಯವರಿಗೆ ಫೋನ್ ಬರುತ್ತೆ, ‘ಬಸ್‌ಸ್ಟಾಪ್ ಹತ್ರ ಬಂದು ತಗೊಂಡು ಹೋಗಿ’ ಅಂತ. ಕೂಲಿಗೆ ಹೋದವರು ಆ ಹೊತ್ತಿಗೆ ಬರಕ್ಕಾಗಲ್ಲ ಅಂದ್ರೆ ಪಾರ್ಸೆಲ್ ಯಾವುದಾದರೂ ಅಂಗಡಿಯಲ್ಲಿ ಕೂರುತ್ತೆ. ಇಲ್ಲಾ ‘ಗ್ರಾಹಕರು ಸಿಗಲಿಲ್ಲ’ ಅಂತ ಬರೆಸಿಕೊಂಡು ವಾಪಸ್ ಹೋಗುತ್ತೆ.

ಎಲ್ಲಾ ಹಳ್ಳಿಯಲ್ಲೂ, ಎಲ್ಲಾ ಹುಡುಗರೂ ಹೀಗೇ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ನಾನು ಕೇಳ್ತಿರೋದು ಬೇರೆ. ಒಂದು ವಸ್ತು ಯಾವಾಗ ತಲುಪುತ್ತೆ ಅಂತ ಮುಂಚಿತವಾಗಿ ಹೇಳೋದು ದೊಡ್ಡ ವಿದ್ಯೆ ಈಗ. ಅದಕ್ಕಾಗಿಯೇ ಗಣಕದ ಲೆಕ್ಕಗಳಿವೆ, ದೊಡ್ಡ ಸಂಬಳದ ಎಂಜಿನಿಯರುಗಳಿದ್ದಾರೆ. ಆ ಲೆಕ್ಕದಲ್ಲಿ ರಸ್ತೆ ಇದೆ, ಮಳೆ ಇದೆ, ಹಬ್ಬದ ರಶ್ ಇದೆ. ಊರು ಮತ್ತು ಕೇರಿಯ ನಡುವಿನ ಎರಡು ಫರ್ಲಾಂಗು ಇದೆಯಾ? ಇದ್ದರೆ ಯಾವ ಹೆಸರಲ್ಲಿದೆ? ಇದಕ್ಕೆ ಉತ್ತರ ಬೇಕಾದರೆ ಈ ನಾಡಿನಲ್ಲಿ ಸುದ್ದಿ ಮತ್ತು ಸಾಮಾನನ್ನು ಯಾರು ಹೊತ್ತರು, ಯಾರು ಕಾದರು ಅನ್ನೋ ಚರಿತ್ರೆಗೆ ಹೋಗಬೇಕು.

ಅಂಚೆ ಕಚೇರಿ ಬರೋದಕ್ಕೂ ಮುಂಚೆ ಹಳ್ಳಿಯಲ್ಲಿ ಸುದ್ದಿ ಹೊರುವವರು ಇದ್ದೇ ಇದ್ದರು. ಹನ್ನೆರಡು ಆಯಗಾರರು ಅಂತೀವಲ್ಲ, ಅದರಲ್ಲಿ ತೋಟಿ, ತಳವಾರ. ಹಳೇ ಮೈಸೂರಿನ ಕಡೆ ಕುಳವಾಡಿ. ಬೆಳಗಾವಿ, ಧಾರವಾಡ, ವಿಜಯಪುರ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು, ಆ ಪ್ರಾಂತ್ಯದಲ್ಲಿ ಮಹಾರ ವತನದ ಚಾಕರಿ. ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಮ್ಮಿ ಒಂದೇ. ಪಟೇಲರ ಚೀಟಿ ತಾಲ್ಲೂಕು ಕಚೇರಿಗೆ ಒಯ್ಯೋದು, ಕಂದಾಯದ ಹಣದ ಜೊತೆ ನಡೆಯೋದು, ಸಾಹೇಬರು ಬಂದರೆ ಸಾಮಾನು ಹೊರೋದು, ಊರಲ್ಲಿ ಯಾರಾದರೂ ಸತ್ತರೆ ನೆಂಟರ ಊರಿಗೆ ಹೋಗಿ ಸುದ್ದಿ ಮುಟ್ಟಿಸೋದು.

ಈ ಕೊನೇ ಕೆಲಸದ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಹೆಣ ಕಾಯಲ್ಲ. ಇಷ್ಟು ಹೊತ್ತಿಗೆ ಹೊರಟರೆ ಇಷ್ಟು ಹೊತ್ತಿಗೆ ಆ ಊರು, ಅಲ್ಲಿಂದ ನೆಂಟರು ಗಾಡಿ ಕಟ್ಟಿಕೊಂಡು ಬರೋಕೆ ಇಷ್ಟು ಹೊತ್ತು, ಆಮೇಲೆ ಮಣ್ಣು. ಸಂಸ್ಕಾರದ ಹೊತ್ತನ್ನು ಊರಿನವರು ನಿಗದಿ ಮಾಡ್ತಿದ್ದದ್ದು ನಮ್ಮವರ ಕಾಲಿನ ವೇಗದ ಮೇಲೆ. ನಮ್ಮ ತಾತ ಈ ಕೆಲಸ ಮಾಡಿದವರು. ಯಾವ ಹಳ್ಳದಲ್ಲಿ ಯಾವ ತಿಂಗಳು ಎಷ್ಟು ನೀರು, ಯಾವ ಊರಿನ ನಾಯಿ ಕಚ್ಚುತ್ತೆ, ಬೆಳದಿಂಗಳಲ್ಲಿ ಎಷ್ಟು ಹೊತ್ತು, ಅಮಾವಾಸ್ಯೆಯಲ್ಲಿ ಎಷ್ಟು ಹೊತ್ತು, ಎಲ್ಲಾ ಅವರ ತಲೆಯಲ್ಲಿತ್ತು. ಇವತ್ತಿನ ಕಂಪನಿಗಳು ಕೋಟಿಗಟ್ಟಲೆ ಸುರಿದು ಮಾಡಿಸೋ ಲೆಕ್ಕವನ್ನು ಓದು ಬರಹ ಬಾರದ ಆ ಮನುಷ್ಯ ಬಾಯಲ್ಲಿ ಹೇಳ್ತಿದ್ರು. ಕೂಲಿ ಏನು? ಸುಗ್ಗಿಯಲ್ಲಿ ಕಣದ ಕೆಳಗೆ ಉಳಿದ ಒಂದಿಷ್ಟು ರಾಗಿ. ಸುದ್ದಿ ಮುಟ್ಟಿಸಿದ ಮನೆಯ ಜಗಲಿ ಕೆಳಗೆ ನಿಂತು ಕುಡಿದ ನೀರು, ಅದೂ ಬೊಗಸೆಗೆ ಎತ್ತರದಿಂದ ಹೊಯ್ದದ್ದು.

ಊರಿನ ಗಡಿಯಾರವೇ ನಾವಾಗಿದ್ವಿ. ಗಡಿಯಾರಕ್ಕೆ ಯಾರೂ ಸಮಯ ಕೊಡಲ್ಲ.

ಇನ್ನು ರಾಜರ ಅಂಚೆ. ಮೈಸೂರಿನಲ್ಲಿ ಅಂಚೆ ವ್ಯವಸ್ಥೆ 17ನೇ ಶತಮಾನದಷ್ಟು ಹಳೆಯದು, ಚಿಕ್ಕದೇವರಾಜ ಒಡೆಯರ ಹೆಸರಿನ ಜೊತೆ ಅದನ್ನು ಸೇರಿಸಿ ಹೇಳ್ತಾರೆ. ಮೈಸೂರು ಅಂಚೆ ಬಹಳ ಕಾಲ ಬ್ರಿಟಿಷರ ಅಂಚೆಯಿಂದ ಬೇರೆಯಾಗಿಯೇ ನಡೀತು, 1889ರಲ್ಲಿ ಅದರೊಳಗೆ ಸೇರಿತು. ಅಂಚೆ ಹೊತ್ತು ಓಡುವವನಿಗೆ ‘ಹರಿಕಾರ’ ಅಂತಿದ್ರು. ಪಾರಸಿಯ ಹರ್ಕಾರಾದಿಂದ ಬಂದ ಪದ. ಇವತ್ತು ಅದರ ಅರ್ಥ ಎಲ್ಲಿಗೆ ಬಂದಿದೆ ನೋಡಿ. ‘ಸಾಮಾಜಿಕ ನ್ಯಾಯದ ಹರಿಕಾರ’ ಅಂತ ಫ್ಲೆಕ್ಸ್ ಮೇಲೆ ಬರೆಸಿಕೊಳ್ಳೋ ರಾಜಕಾರಣಿಗೆ ಆ ಪದ ಮೊದಲು ಕಾಲಲ್ಲಿ ಓಡಿದವನ ಹೆಸರು ಅಂತ ಗೊತ್ತಿರಲಿಕ್ಕಿಲ್ಲ. ಹರಿಕಾರರೆಲ್ಲ ನಮ್ಮವರೇ ಅಂತ ಹೇಳಕ್ಕಾಗಲ್ಲ. ಬೇರೆ ಬೇರೆ ಜಾತಿಯ, ಬುಡಕಟ್ಟುಗಳ ಬಡವರು ಅದರಲ್ಲಿದ್ದರು. ಅವರಿಗೆ ಸಂಬಳ ಇತ್ತು. ತೋಟಿಗೆ ಸಂಬಳದ ಮಾತೇ ಇರಲಿಲ್ಲ, ಅದು ಹುಟ್ಟಿನಿಂದ ಬಂದ ಬಿಟ್ಟಿ.

ಬ್ರಿಟಿಷರ ಅಂಚೆಯಲ್ಲಿ ಒಬ್ಬ ಓಟಗಾರ ಕೆಲವು ಮೈಲಿ ಓಡಿ ಚೀಲವನ್ನು ಮುಂದಿನವನ ಹೆಗಲಿಗೆ ದಾಟಿಸ್ತಿದ್ದ. ಚೀಲದ ಜೊತೆ ಒಂದು ಸಮಯದ ಚೀಟಿ ಹೋಗ್ತಿತ್ತು. ಯಾವ ಕಟ್ಟೆಗೆ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೊರಟಿತು ಅಂತ ಅದರಲ್ಲಿ ಬರೀತಿದ್ರು. ಈಗ ನಿಮ್ಮ ಫೋನಿನಲ್ಲಿ ‘ಪಾರ್ಸೆಲ್ ಬೆಂಗಳೂರು ಬಿಟ್ಟಿದೆ, ತುಮಕೂರು ತಲುಪಿದೆ’ ಅಂತ ಬರುತ್ತಲ್ಲ, ಅದರ ಮುತ್ತಾತ ಆ ಚೀಟಿ.

1854ರಲ್ಲಿ ಒಂದು ದೊಡ್ಡ ಬದಲಾವಣೆ ಆಯ್ತು. ಅಲ್ಲಿಯ ತನಕ ಪತ್ರದ ದರ ದೂರದ ಮೇಲೆ ಇತ್ತು. ಆ ವರ್ಷದಿಂದ ತೂಕದ ಮೇಲೆ ಬಂತು. ಪಕ್ಕದ ತಾಲ್ಲೂಕಿಗೂ ಕಲ್ಕತ್ತೆಗೂ ಒಂದೇ ಅಂಚೆಚೀಟಿ. ಸರ್ಕಾರ ಒಂದು ಕಾನೂನಿನಿಂದ ಸಾವಿರ ಮೈಲಿಯ ದೂರವನ್ನು ಬೆಲೆಯಿಂದ ತೆಗೆದುಹಾಕಿತು. 1877ರಲ್ಲಿ ವಿಪಿಪಿ ಬಂತು, ಅಂದ್ರೆ ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡೋದು. 1880ರಲ್ಲಿ ಮನಿ ಆರ್ಡರ್ ಬಂತು. ‘ಕ್ಯಾಶ್ ಆನ್ ಡೆಲಿವರಿ’ ಹೊಸದು ಅಂದುಕೊಂಡಿರೋ ನಮ್ಮ ಹುಡುಗರು ಇದನ್ನು ಗಮನಿಸಬೇಕು. ಇಷ್ಟೆಲ್ಲಾ ಮಾಡಿದ ಸರ್ಕಾರಕ್ಕೆ ಹಳ್ಳಿಯ ಕೊನೆಯ ಎರಡು ಫರ್ಲಾಂಗಿನ ದೂರ ಕಾಣಲೇ ಇಲ್ಲ. ಕಂಡರೂ ಅದು ‘ಸ್ಥಳೀಯ ಪದ್ಧತಿ’.

ಈಗ ಬಾಬಾಸಾಹೇಬರ ವಿಷಯಕ್ಕೆ ಬರ್ತೀನಿ. ‘ವೇಟಿಂಗ್ ಫಾರ್ ಎ ವೀಸಾ’ದ ಮೊದಲ ಘಟನೆ ನಮಗೆಲ್ಲ ಗೊತ್ತಿರೋದೇ. ಆದರೆ ಅದನ್ನು ಒಂದು ಪತ್ರದ ಕಥೆಯಾಗಿ ಓದಿ ನೋಡಿ, ಬೇರೆಯೇ ಕಾಣುತ್ತೆ.

1901ರ ಸುಮಾರು. ಭೀಮರಾಯರಿಗೆ ಹತ್ತರ ಆಸುಪಾಸು. ಕುಟುಂಬ ಸಾತಾರಾದಲ್ಲಿ. ತಂದೆ ಗೋರೆಗಾಂವ್‌ನಲ್ಲಿ, ಬರಗಾಲದ ಕೆರೆ ಕಾಮಗಾರಿಯಲ್ಲಿ ಕ್ಯಾಷಿಯರ್. ಬೇಸಿಗೆ ರಜೆಗೆ ಮಕ್ಕಳು ಅಪ್ಪನ ಹತ್ತಿರ ಹೊರಟರು. ಇಂಥ ದಿನ ಬರ್ತೀವಿ ಅಂತ ಮೊದಲೇ ಪತ್ರ ಬರೆದಿದ್ದರು. ಹೊಸ ಬಟ್ಟೆ ಹಾಕಿಕೊಂಡು ರೈಲು ಹತ್ತಿ ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಕಾರಣ ಆಮೇಲೆ ಗೊತ್ತಾಯ್ತು. ಪತ್ರ ಬಂದಿತ್ತು, ಆದರೆ ಅದನ್ನು ತೆಗೆದುಕೊಂಡ ಆಳು ತಂದೆಯ ಕೈಗೆ ಕೊಟ್ಟಿರಲಿಲ್ಲ.

ಇಲ್ಲಿ ಒಂದು ಮಾತು. ಇದರಲ್ಲಿ ಜಾತಿಯ ಕೈವಾಡ ಇಲ್ಲ. ಯಾರ ಮನೆಯಲ್ಲಾದರೂ ಆಗಬಹುದಾದ ತಪ್ಪು ಅದು. ಮೇಲ್ಜಾತಿಯ ಮಕ್ಕಳಾಗಿದ್ದರೆ ಆ ತಪ್ಪಿನ ಬೆಲೆ ಎಷ್ಟು? ಬಹುಶಃ ಒಂದು ಗಂಟೆ ಕಾಯೋದು. ಸ್ಟೇಷನ್ ಮಾಸ್ತರ ಒಂದು ಗಾಡಿ ಮಾಡಿಕೊಡ್ತಿದ್ದ, ಮುಗೀತು. ಈ ಮಕ್ಕಳು ಮಹಾರರು ಅಂತ ತಿಳಿದ ಕೂಡಲೇ ಮಾಸ್ತರ ಹಿಂದೆ ಸರಿದ. ಗಾಡಿಯವರು ಎರಡರಷ್ಟು ಬಾಡಿಗೆ ಕೊಡ್ತೀವಿ ಅಂದರೂ ಬರಲಿಲ್ಲ. ಕೊನೆಗೆ ಮಕ್ಕಳೇ ಗಾಡಿ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರ್ತಾನೆ ಅನ್ನೋ ಕರಾರಿನ ಮೇಲೆ ಒಬ್ಬ ಒಪ್ಪಿದ.

ಹೊರಡೋಕೆ ಮುಂಚೆ ಆ ಮಕ್ಕಳು ಕೇಳಿದ ಪ್ರಶ್ನೆ ನೋಡಿ. ಊರು ಎಷ್ಟು ದೂರ, ಎಷ್ಟು ಹೊತ್ತಿಗೆ ತಲುಪ್ತೀವಿ? ಕತ್ತಲಾಗೋದಕ್ಕೆ ಮುಂಚೆ ಸೇರಬೇಕು ಅನ್ನೋ ಆತಂಕ. ಗಾಡಿಯವನು ಹೇಳಿದ, ಮೂರು ಗಂಟೆಗಿಂತ ಹೆಚ್ಚು ಆಗಲ್ಲ ಅಂತ. ಅವನ ಮಾತು ನಂಬಿ ಹೊರಟರು. ಮೂರು ಗಂಟೆ ಕಳೀತು, ಊರಿಲ್ಲ. ರಾತ್ರಿ ಆಯ್ತು, ದೀಪವಿಲ್ಲ. ಬುತ್ತಿಯಲ್ಲಿ ಊಟ ಇತ್ತು, ಕುಡಿಯೋಕೆ ನೀರಿಲ್ಲ. ಸುಂಕದವನ ಗುಡಿಸಲ ಹತ್ತಿರ ಮುಸ್ಲಿಮರು ಅಂತ ಹೇಳಿಕೊಂಡರೂ ನೀರು ಸಿಗಲಿಲ್ಲ. ಇಡೀ ರಾತ್ರಿ ಬಾಯಾರಿಕೆಯಲ್ಲೇ ಕಳೆದು ಊರು ಸೇರಿದ್ದು ಮಾರನೇ ದಿನ.

ಆ ರಾತ್ರಿ ನನಗೆ ಕಲಿಸಿದ ಪಾಠ ಇಷ್ಟು. ತಡ ಎಲ್ಲರಿಗೂ ಆಗುತ್ತೆ. ತಡಕ್ಕೆ ಕೊಡಬೇಕಾದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಬಸ್ಸು ತಪ್ಪಿದರೆ, ಪತ್ರ ತಪ್ಪಿದರೆ, ಮಾತು ತಪ್ಪಿದರೆ ಉಳಿದವರಿಗೆ ಹಿಡಿಯೋಕೆ ಹತ್ತು ಕೈ ಇರುತ್ತೆ. ನಮಗೆ ಆ ಹತ್ತು ಕೈಯೂ ಹಿಂದಕ್ಕೆ ಸರಿಯುತ್ತೆ. ಹಾಗಾಗಿ ‘ಎಷ್ಟು ಹೊತ್ತಿಗೆ ತಲುಪುತ್ತೆ’ ಅನ್ನೋದು ನಮಗೆ ಬರೀ ಅನುಕೂಲದ ಪ್ರಶ್ನೆ ಯಾವತ್ತೂ ಆಗಿರಲಿಲ್ಲ.

ಆ ಹುಡುಗ ದೊಡ್ಡವರಾದ ಮೇಲೆ ಇದೇ ಸಮಯದ ಪ್ರಶ್ನೆಯನ್ನು ಶಾಸನಸಭೆಗೆ ಒಯ್ದರು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ 1874ರ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಅವರ ವಾದದ ತಿರುಳು ಏನು? ವತನದಾರ ಮಹಾರನಿಗೆ ಹಗಲು ರಾತ್ರಿ ಅನ್ನೋ ಲೆಕ್ಕ ಇಲ್ಲ. ಯಾವ ಹೊತ್ತಲ್ಲಿ ಕರೆದರೂ ಹೋಗಬೇಕು. ಅಪ್ಪ ಇಲ್ಲದಿದ್ದರೆ ಮಗ, ಮಗ ಇಲ್ಲದಿದ್ದರೆ ಮನೆಯ ಇನ್ನೊಬ್ಬರು. ಇದಕ್ಕೆಲ್ಲ ಪ್ರತಿಯಾಗಿ ಒಂದು ತುಂಡು ಇನಾಮು ಭೂಮಿ, ಒಂದಿಷ್ಟು ಧಾನ್ಯ. ನಮ್ಮ ಸಮಯಕ್ಕೆ ಬೆಲೆ ಕಟ್ಟಿ, ಕೆಲಸ ಇಷ್ಟು ಅಂತ ಗೊತ್ತುಮಾಡಿ ಅನ್ನೋದು ಆ ಹೋರಾಟದ ಹೃದಯ. ಮುಂಬೈ ರಾಜ್ಯದಲ್ಲಿ ಕೆಳಹಂತದ ವತನಗಳು ರದ್ದಾಗಿದ್ದು 1958ರ ಕಾಯ್ದೆಯಿಂದ. ನಮ್ಮಲ್ಲಿ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರ ಫೆಬ್ರವರಿಯಿಂದ. ತೋಟಿ, ತಳವಾರಿಕೆ ಕಾಗದದ ಮೇಲೆ ಮುಗೀತು. ಸಾವಿನ ಸುದ್ದಿ ಹೊರೋದು ಎಷ್ಟೋ ಕಡೆ ಆಮೇಲೂ ನಡೀತು. ಅದನ್ನು ನಿಲ್ಲಿಸಿದ್ದು ಒಂದು ಕಡೆ ದಲಿತ ಚಳವಳಿ, ಇನ್ನೊಂದು ಕಡೆ ಟೆಲಿಫೋನು.

ಹೊರುವ ಕೆಲಸ ಹೋಯ್ತು. ಈಗ ಕಾಯುವ ಕೆಲಸ ಶುರುವಾಯ್ತು.

1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಅದರ ಹಿಂದೆ ಇದ್ದವರು ಶ್ರೀರಾಮ್ ಭಿಕಾಜಿ ವೇಲಣಕರ್. ಮೊದಲ ಅಂಕಿ ವಲಯ, ಮುಂದಿನವು ಉಪವಲಯ ಮತ್ತು ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಪತ್ರ ಬಟವಾಡೆ ಮಾಡುವ ಅಂಚೆ ಕಚೇರಿ. ಒಂದೇ ಹೆಸರಿನ ನೂರು ಊರುಗಳಿರುವ, ಹತ್ತಾರು ಲಿಪಿಗಳಿರುವ ದೇಶಕ್ಕೆ ಇದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಆ ಆರು ಅಂಕಿ ಅಂಚೆ ಕಚೇರಿಯ ತನಕ ಮಾತ್ರ ಬರುತ್ತೆ. ಅಲ್ಲಿಂದ ಮುಂದೆ?

ಅಲ್ಲಿಂದ ಮುಂದೆ ಹಳ್ಳಿಯ ಶಾಖಾ ಅಂಚೆ ಕಚೇರಿ. ಇದರ ಚರಿತ್ರೆಯನ್ನು ನಮ್ಮವರು ಇನ್ನೂ ಸರಿಯಾಗಿ ಬರೆದಿಲ್ಲ. ಹಳ್ಳಿಯ ಅಂಚೆ ಪಾಲಕ ಪೂರ್ಣಾವಧಿ ನೌಕರ ಆಗಿರಲಿಲ್ಲ. ‘ಇಲಾಖೇತರ’ ಅಂತ ಕರೀತಿದ್ರು, ಇವತ್ತಿನ ಗ್ರಾಮೀಣ ಡಾಕ್ ಸೇವಕರು. ದಿನಕ್ಕೆ ಕೆಲವೇ ಗಂಟೆ ಕೆಲಸ, ಸಣ್ಣ ಭತ್ಯೆ. ಇವರು ಸಿವಿಲ್ ಹುದ್ದೆಯವರು ಅಂತ ಸುಪ್ರೀಂ ಕೋರ್ಟ್ ಹೇಳಬೇಕಾದರೆ 1977ರ ರಾಜಮ್ಮ ಪ್ರಕರಣದ ತನಕ ಕಾಯಬೇಕಾಯ್ತು. ಆ ದುಡಿಯುವವರಿಗೆ ಆದ ಅನ್ಯಾಯ ಒಂದು ಕಡೆ. ಇನ್ನೊಂದು ಕಡೆ, ಆ ಕೆಲಸ ಸಿಗಬೇಕಾದರೆ ಎರಡು ಷರತ್ತು ಇರ್ತಿತ್ತು. ಬದುಕಲು ಬೇರೆ ಆದಾಯ ಇರಬೇಕು, ಅಂಚೆ ಕಚೇರಿಗೆ ಜಾಗ ತಾನೇ ಕೊಡಬೇಕು. ಸ್ವಲ್ಪ ಯೋಚಿಸಿ. ಹಳ್ಳಿಯಲ್ಲಿ ಬೇರೆ ಆದಾಯ ಇದ್ದವರು ಯಾರು? ಊರ ಮಧ್ಯೆ ಜಗಲಿ ಇದ್ದವರು ಯಾರು? ಜಾತಿ ಅನ್ನೋ ಪದವನ್ನೇ ಬಳಸದೆ ನಿಯಮವೇ ಜಾತಿಯನ್ನು ಆರಿಸಿಕೊಂಡಿತು. ಭಾರತ ಸರ್ಕಾರದ ಅಂಚೆ ಡಬ್ಬಿ ಮೇಲ್ಜಾತಿಯ ಜಗಲಿ ಮೇಲೆ ಕೂತಿತು. ಆ ಜಗಲಿ ನಾವು ಹತ್ತಬಾರದ ಜಗಲಿ.

ಹಳೇ ಅಂಚೆ ಕವರುಗಳನ್ನು ನೋಡಿದ್ದೀರಾ? ಅದರ ಮೇಲೆ ಎರಡು ಮುದ್ರೆ ಇರ್ತಿತ್ತು. ಒಂದು ಹಾಕಿದ ಊರಿನದು, ಇನ್ನೊಂದು ಬಂದು ಸೇರಿದ ಊರಿನದು. ಎರಡರಲ್ಲೂ ತಾರೀಖು. ಪತ್ರ ಎಷ್ಟು ದಿನ ತಗೊಂಡಿತು ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ನಮ್ಮ ಕೇರಿಯಲ್ಲಿ ನನಗಿಂತ ಹಿರಿಯರಾದ ನಮ್ಮಣ್ಣನಿಗೆ ಒಂದು ಇಂಟರ್‌ವ್ಯೂ ಕಾರ್ಡು ಬಂದಿತ್ತು. ದೊಡ್ಡಪ್ಪನ ಮಗ, ನಮ್ಮ ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು. ಕವರಿನ ಮೇಲಿನ ಎರಡನೇ ಮುದ್ರೆ ನೋಡಿದರೆ ಇಂಟರ್‌ವ್ಯೂಗೆ ಇನ್ನೂ ಒಂಬತ್ತು ದಿನ ಇರುವಾಗಲೇ ಅದು ಊರು ಸೇರಿತ್ತು. ಅವನ ಕೈಗೆ ಬಂದದ್ದು ಇಂಟರ್‌ವ್ಯೂ ಮುಗಿದ ಮಾರನೇ ದಿನ. ನಡುವಿನ ಹತ್ತು ದಿನ ಅದು ಒಂದು ಅಂಗಡಿಯ ತಗಡಿನ ಡಬ್ಬದಲ್ಲಿ ಬಿದ್ದಿತ್ತು, ‘ಕೇರಿಯವರು ಯಾರಾದ್ರೂ ಬಂದಾಗ ಕೊಟ್ಟರಾಯ್ತು’ ಅಂತ. ಯಾರ ಮೇಲೆ ದೂರು ಕೊಡೋದು? ದಾಖಲೆ ಪ್ರಕಾರ ಪತ್ರ ಸಮಯಕ್ಕೆ ತಲುಪಿದೆ. ಊರಿನಿಂದ ಕೇರಿಗೆ ಬಂದ ದಿನ ತೋರಿಸೋ ಮೂರನೇ ಮುದ್ರೆ ಯಾವ ಕವರಿನ ಮೇಲೂ ಇರಲಿಲ್ಲ.

ಇದು ನಮ್ಮೊಂದು ಕೇರಿಯ ಗೋಳು ಅಂದುಕೊಳ್ಳಬೇಡಿ. 2006ರಲ್ಲಿ ಘನಶ್ಯಾಮ್ ಶಾ, ಹರ್ಷ ಮಂದರ್, ಸುಖದೇವ್ ಥೋರಟ್, ಸತೀಶ್ ದೇಶಪಾಂಡೆ, ಅಮಿತಾ ಬಾವಿಸ್ಕರ್ ಸೇರಿ ಗ್ರಾಮೀಣ ಭಾರತದ ಅಸ್ಪೃಶ್ಯತೆಯ ಬಗ್ಗೆ ಒಂದು ಪುಸ್ತಕ ತಂದರು. 11 ರಾಜ್ಯಗಳ 565 ಹಳ್ಳಿಗಳ ಸಮೀಕ್ಷೆ ಅದು. ಅದರಲ್ಲಿ ಬಾವಿ ನೀರು, ಹೋಟೆಲಿನ ಲೋಟ, ದೇವಸ್ಥಾನದ ಜೊತೆಗೆ ಅಂಚೆಯ ಬಗ್ಗೆಯೂ ಕೇಳಿದ್ದರು. 23.5 ಶೇಕಡ ಹಳ್ಳಿಗಳಲ್ಲಿ ದಲಿತರ ಮನೆಗೆ ಪತ್ರ ಬಂದು ತಲುಪುತ್ತಿರಲಿಲ್ಲ. ಸುಮಾರು ನಾಲ್ಕರಲ್ಲಿ ಒಂದು ಹಳ್ಳಿ. ಸಂವಿಧಾನದ 17ನೇ ವಿಧಿ ಬಂದು ಅರ್ಧ ಶತಮಾನ ಆದ ಮೇಲಿನ ಲೆಕ್ಕ ಇದು.

ಈಗ ಯಂತ್ರದ ಕಾಲಕ್ಕೆ ಬರೋಣ. ಕಂಪನಿಗಳು ತಲುಪುವ ದಿನವನ್ನು ಹೇಗೆ ಊಹೆ ಮಾಡ್ತವೆ? ನನಗೆ ಅರ್ಥವಾದಷ್ಟು ಸರಳವಾಗಿ ಹೇಳ್ತೀನಿ. ಸಾಮಾನು ಇರೋ ಗೋದಾಮಿನಿಂದ ನಿಮ್ಮ ಪಿನ್‌ಕೋಡಿಗೆ ಹಿಂದೆ ಎಷ್ಟು ದಿನ ಹಿಡಿದಿತ್ತು, ಆ ದಾರಿಯಲ್ಲಿ ಈಗ ಎಷ್ಟು ಪಾರ್ಸೆಲ್ ಇದೆ, ವಿಳಾಸ ನಕಾಶೆಯ ಮೇಲೆ ಎಲ್ಲಿ ಬರುತ್ತೆ, ಆ ವಿಳಾಸದಲ್ಲಿ ಹಿಂದಿನ ಸಲ ಮೊದಲ ಪ್ರಯತ್ನಕ್ಕೇ ಕೊಡೋಕೆ ಆಯ್ತಾ ಇಲ್ವಾ, ಇವೆಲ್ಲವನ್ನೂ ಯಂತ್ರಕ್ಕೆ ತಿನ್ನಿಸ್ತಾರೆ. ಯಂತ್ರ ನಿನ್ನೆ ಆದದ್ದನ್ನು ನೋಡಿ ನಾಳೆ ಆಗೋದನ್ನು ಹೇಳುತ್ತೆ. ಅಷ್ಟೇ ಅದರ ವಿದ್ಯೆ.

ಹಾಗಾದರೆ ನಮ್ಮ ನಿನ್ನೆ ಅದಕ್ಕೆ ಹೇಗೆ ಕಾಣುತ್ತೆ? ಎರಡು ದಾರಿ ಇವೆ. ಬಸ್‌ಸ್ಟಾಪಿನ ಅಂಗಡಿಯಲ್ಲಿ ಇಟ್ಟು ‘ತಲುಪಿಸಲಾಗಿದೆ’ ಅಂತ ಒತ್ತಿದರೆ, ಯಂತ್ರದ ಕಣ್ಣಿಗೆ ಕೇರಿಗೂ ಗುರುವಾರವೇ ಸಿಕ್ಕಿದೆ. ಊಹೆ ಸರಿಯಾಯ್ತು ಅಂತ ಅದು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತೆ. ಆ ತಗಡಿನ ಡಬ್ಬದ ಕಥೆಯೇ ಇದು, ಡಬ್ಬದ ಬದಲು ಫ್ರಿಜ್ಜಿನ ಪಕ್ಕದ ಮೂಲೆ ಬಂದಿದೆ ಅಷ್ಟೇ. ಇನ್ನೊಂದು ದಾರಿ, ‘ಗ್ರಾಹಕರು ಸಿಗಲಿಲ್ಲ’ ಅಂತ ಒತ್ತೋದು. ಹಾಗೆ ನಾಲ್ಕಾರು ಸಲ ಆದರೆ ಆ ಮನೆಗಳು ಕಷ್ಟದ ವಿಳಾಸ ಅಂತ ಲೆಕ್ಕಕ್ಕೆ ಸೇರಬಹುದು. ಯಾಕೆ ಸಿಗಲಿಲ್ಲ ಅಂತ ಯಂತ್ರ ಕೇಳಲ್ಲ. ಗಾಡಿ ಊರ ಬಾಗಿಲಲ್ಲೇ ಯಾಕೆ ನಿಂತಿತು ಅಂತಲೂ ಕೇಳಲ್ಲ. ಯಂತ್ರಕ್ಕೆ ಜಾತಿ ಗೊತ್ತಿಲ್ಲ ಅಂತ ಹೇಳುವವರಿಗೆ ನನ್ನ ಉತ್ತರ ಇದು. ಗೊತ್ತಿಲ್ಲದೇ ಇರೋದೇ ತೊಂದರೆ. ಕಾರಣ ಗೊತ್ತಿಲ್ಲದ ಯಂತ್ರ ಅದರ ಫಲವನ್ನು ಮಾತ್ರ ಕಲಿಯುತ್ತೆ, ಆಮೇಲೆ ಅದನ್ನೇ ನಿಯಮ ಮಾಡಿಕೊಳ್ಳುತ್ತೆ.

ಪಾರ್ಸೆಲ್ ತರೋ ಹುಡುಗರನ್ನು ಬೈಯೋದು ಸುಲಭ. ಅದನ್ನು ನಾನು ಮಾಡಲ್ಲ. ಅವರಲ್ಲಿ ಎಷ್ಟೋ ಜನ ನಮ್ಮಂಥ ಮನೆಗಳ ಮಕ್ಕಳೇ. ಸ್ವಂತ ಬೈಕು, ಸ್ವಂತ ಪೆಟ್ರೋಲು, ಪಾರ್ಸೆಲ್‌ಗೆ ಇಷ್ಟು ಅಂತ ಕೂಲಿ. ಇವರನ್ನು ಓಡಿಸ್ತಿರೋದೂ ಅದೇ ಸಮಯದ ಲೆಕ್ಕ. ಹರಿಕಾರನ ಚೀಟಿ ಇವತ್ತು ಇವರ ಫೋನಿನಲ್ಲಿದೆ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ಬಂತು, ಒಳ್ಳೇದಾಯ್ತು. ಕೆಲವು ಸಲ ಆ ಹುಡುಗ ಕೇರಿಗೆ ಬರೋಕೆ ಸಿದ್ಧ ಇದ್ದರೂ ಊರಿನವರೇ ಅಂಗಡಿ ಹತ್ರ ತಡೆದು ‘ಇಲ್ಲೇ ಇಟ್ಟು ಹೋಗು, ಅವರು ಬಂದು ತಗೋತಾರೆ’ ಅಂತಾರೆ. ಪ್ರೀತಿಯಿಂದಲೇ ಅಂತಾರೆ. ಆ ಪ್ರೀತಿಯ ಒಳಗೆ ಏನಿದೆ ಅಂತ ನಮಗೆ ಗೊತ್ತು.

ಇನ್ನು ವಿಳಾಸದ ಪ್ರಶ್ನೆ. ಗೌಡರ ಮನೆಗೆ ಗೌಡರ ಹೆಸರು ಸಾಕು. ನಮ್ಮ ವಿಳಾಸ? ‘ಎ.ಕೆ. ಕಾಲೋನಿ’, ‘ಜನತಾ ಕಾಲೋನಿ’, ‘ಹರಿಜನ ಕೇರಿ’. ಆದಿ ಕರ್ನಾಟಕ ಅನ್ನೋ ಹೆಸರು ಸ್ವಾಭಿಮಾನದಿಂದ ಬಂದದ್ದು, ಅದು ಪಾರ್ಸೆಲ್ ಮೇಲೆ ಬರುವ ಹೊತ್ತಿಗೆ ಜಾತಿ ಪ್ರಮಾಣಪತ್ರ ಆಗಿಬಿಡುತ್ತೆ. ಓದಿದ ಕೂಡಲೇ ದಾರಿ ಬದಲಾಗುತ್ತೆ. ಮಹಾರಾಷ್ಟ್ರ ಸರ್ಕಾರ ಜಾತಿಸೂಚಕ ವಸತಿ ಹೆಸರುಗಳನ್ನು ಬದಲಿಸಲು 2020ರ ಡಿಸೆಂಬರಿನಲ್ಲಿ ತೀರ್ಮಾನ ಮಾಡಿತು. ತಮಿಳುನಾಡಿನಲ್ಲಿ 2025ರಲ್ಲಿ ಸರ್ಕಾರಿ ದಾಖಲೆಗಳಿಂದ ‘ಕಾಲನಿ’ ಪದ ತೆಗೀತೀವಿ ಅಂತ ಮುಖ್ಯಮಂತ್ರಿ ಘೋಷಿಸಿದರು. ಹೆಸರು ಬದಲಿಸಿದರೆ ಎಲ್ಲಾ ಬದಲಾಗಲ್ಲ, ಆದರೆ ವಿಳಾಸವೇ ತಡೆಗೋಡೆ ಆಗಬಾರದು ಅನ್ನೋದಾದರೂ ಅದರಲ್ಲಿದೆ. ನಮ್ಮಲ್ಲಿ ಎಷ್ಟೋ ತಾಂಡಾ, ಹಟ್ಟಿ, ಹಾಡಿಗಳು ಕಂದಾಯ ಗ್ರಾಮ ಅಂತ ದಾಖಲೆಯಲ್ಲೇ ಇರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಾಗ ನನಗೆ ಮೊದಲು ಹೊಳೆದದ್ದು ಇದೇ. ಇಷ್ಟು ದಿನ ಇವರಿಗೆ ಕಾಗದ ಎಲ್ಲಿಗೆ ಬರ್ತಿತ್ತು? ಊರೇ ಅಲ್ಲದ ಊರಿಗೆ ತಲುಪುವ ದಿನ ಯಾರು ಹೇಳ್ತಿದ್ರು?

2025ರಲ್ಲಿ ಅಂಚೆ ಇಲಾಖೆ ‘ಡಿಜಿಪಿನ್’ ತಂದಿದೆ. ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಹತ್ತು ಅಕ್ಷರ–ಅಂಕಿಯ ಗುರುತು. ಅದರಲ್ಲಿ ಬೀದಿ ಹೆಸರಿಲ್ಲ, ಕೇರಿ ಹೆಸರಿಲ್ಲ, ಬರೀ ಜಾಗ ಇದೆ. ನನಗಂತೂ ಇದು ಇಷ್ಟ ಆಯ್ತು. ನಮ್ಮ ಹುಡುಗರು ಇದನ್ನು ಕಲಿತು ಮನೆಮನೆಗೂ ಬರೆದು ಕೊಡಬೇಕು. ಆದರೆ ಒಂದು ಎಚ್ಚರ. ನಾಲ್ಕು ಮೀಟರಿನ ತನಕ ಗುರಿ ಹಿಡಿಯೋ ನಕಾಶೆ ಕೂಡ, ಬೈಕು ಎರಡು ಫರ್ಲಾಂಗು ಮೊದಲೇ ನಿಂತರೆ ಏನೂ ಮಾಡಲಾರದು. ಜಾಗ ಗೊತ್ತಿಲ್ಲದ್ದಕ್ಕೆ ಯಾರೂ ಕೇರಿಗೆ ಬಾರದೆ ಉಳಿದಿರಲಿಲ್ಲ.

ಕೆಲವರು ಕೇಳಬಹುದು, ‘ಅಲ್ಲ ಕಾಮ್ರೇಡ್, ಭೂಮಿ ಇದೆ, ದೌರ್ಜನ್ಯ ಇದೆ, ಒಳಮೀಸಲಾತಿ ಇದೆ, ನೀವು ಪಾರ್ಸೆಲ್ ಹಿಡ್ಕೊಂಡು ಕೂತಿದ್ದೀರಲ್ಲ?’ ಅಂತ. ಪಾರ್ಸೆಲ್ ಅಂದ್ರೆ ಬರೀ ಚಪ್ಪಲಿ, ಸೀರೆ ಅಲ್ಲ. ಔಷಧಿ ಬರುತ್ತೆ. ಹುಡುಗಿಯರ ಪರೀಕ್ಷೆ ಪುಸ್ತಕ ಬರುತ್ತೆ. ಬ್ಯಾಂಕಿನ ಕಾರ್ಡು, ಕೆಲಸದ ಆದೇಶ, ದೌರ್ಜನ್ಯ ಪ್ರಕರಣದ ಸಾಕ್ಷಿಗೆ ಬರುವ ಕೋರ್ಟಿನ ಸಮನ್ಸ್. ಇದರಲ್ಲಿ ಯಾವುದು ಮೂರು ದಿನ ಅಂಗಡಿಯಲ್ಲಿ ಕೂತರೂ ಪರವಾಗಿಲ್ಲ ಹೇಳಿ? ಆ ಅಂಗಡಿ ಯಾರದು, ಆ ಸಮನ್ಸ್ ಯಾರ ವಿರುದ್ಧದ್ದು ಅಂತಲೂ ನೋಡಿ.

ಈಗ ಕಾನೂನಿನ ಮಾತು. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1955. ಅದರ 6ನೇ ಕಲಮನ್ನು ನಾವು ಹೋಟೆಲು, ಕ್ಷೌರದಂಗಡಿಗೆ ಮಾತ್ರ ನೆನಪಿಸಿಕೊಳ್ತೀವಿ. ಅದು ಹೇಳೋದೇನು? ಅಸ್ಪೃಶ್ಯತೆಯ ಕಾರಣಕ್ಕೆ ಸರಕು ಮಾರಲು ಅಥವಾ ಸೇವೆ ಕೊಡಲು ನಿರಾಕರಿಸಬಾರದು. ಉಳಿದವರಿಗೆ ಯಾವ ಸಮಯದಲ್ಲಿ, ಯಾವ ಸ್ಥಳದಲ್ಲಿ, ಯಾವ ಷರತ್ತಿನ ಮೇಲೆ ಕೊಡ್ತಾರೋ ಅದೇ ಸಮಯ, ಅದೇ ಸ್ಥಳ, ಅದೇ ಷರತ್ತು. ಸಮಯ ಅನ್ನೋ ಪದ ಕಾನೂನಿನಲ್ಲೇ ಇದೆ ಗೆಳೆಯರೇ. ಅಷ್ಟೇ ಅಲ್ಲ, 12ನೇ ಕಲಮಿನ ಪ್ರಕಾರ ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಇಂಥ ಕೃತ್ಯ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ನ್ಯಾಯಾಲಯ ಮೊದಲು ಭಾವಿಸಬೇಕು, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಆ ಕಡೆಯವರದು. ಆದರೆ ಕೃತ್ಯ ನಡೆದಿದೆ ಅಂತ ತೋರಿಸೋಕೆ ನಮ್ಮ ಹತ್ರ ಏನಿದೆ? ನಮ್ಮಣ್ಣನ ಕಾಲದಲ್ಲಿ ಇದ್ದದ್ದು ಎರಡು ಮುದ್ರೆ. ಈಗ ಇರೋದು ಫೋನಿನ ಮೇಲೆ ‘ತಲುಪಿಸಲಾಗಿದೆ’ ಅನ್ನೋ ಒಂದು ಪದ.

ಹಾಗಾಗಿ ಒಂದು ಸಣ್ಣ ಕೆಲಸ ಹೇಳ್ತೀನಿ. ಇದಕ್ಕೆ ಸಭೆ ಬೇಡ, ಶಾಮಿಯಾನ ಬೇಡ. ನಿಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ, ಇಲ್ಲಾ ಓದೋ ಮಕ್ಕಳಿರುವ ಯಾವುದಾದರೂ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಒಂದು ಸಾಲಿಗೆ ಮೂರು ತಾರೀಖು. ತಲುಪುತ್ತೆ ಅಂತ ಹೇಳಿದ ದಿನ, ಊರಿಗೆ ಬಂದ ದಿನ, ಕೇರಿಯ ಬಾಗಿಲಿಗೆ ಬಂದ ದಿನ. ಪಕ್ಕದಲ್ಲಿ ಎಲ್ಲಿ ಕೊಟ್ಟರು ಅಂತ ಬರೀರಿ. ಮನೆಗಾ, ಬಸ್‌ಸ್ಟಾಪಿಗಾ, ಅಂಗಡಿಗಾ. ಫೋನಿನಲ್ಲಿ ಬಂದ ಸಂದೇಶದ ಫೋಟೊ ತೆಗೆದು ಇಟ್ಟುಕೊಳ್ಳಿ. ಊರೊಳಗಿನ ಗೆಳೆಯರು ಯಾರಾದರೂ ಒಪ್ಪಿದರೆ ಅವರ ಮನೆಯ ತಾರೀಖೂ ಬರೀರಿ. ಆರು ತಿಂಗಳು ಬರೆದರೆ ಸಾಕು. ಸರ್ಕಾರಿ ಅಂಚೆಯ ಬಟವಾಡೆ ಬಗ್ಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಖಾಸಗಿಯವರ ಮೇಲೆ ಆ ಕಾಯ್ದೆ ನಡೆಯಲ್ಲ, ಅದಕ್ಕೇ ನಮ್ಮ ನೋಟ್‌ಬುಕ್ ಇನ್ನೂ ಮುಖ್ಯ. ಪಂಚಾಯ್ತಿಗೆ ಹೋಗಿ ಕೇರಿಯ ಪ್ರತಿ ಮನೆಗೂ ನಂಬರು ಬರೆಸಿ, ಬೀದಿಗೆ ನಾವು ಒಪ್ಪಿದ ಹೆಸರು ಇಡಿಸಿ.

ಯಂತ್ರಕ್ಕೂ, ಇಲಾಖೆಗೂ, ಕೋರ್ಟಿಗೂ ಅರ್ಥವಾಗೋದು ದಾಖಲೆ. ಶತಮಾನಗಟ್ಟಲೆ ನಾವು ಇವರ ಸುದ್ದಿ ಹೊತ್ತು ಓಡಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ನಾವು ಕಾದ ದಿನಗಳಿಗಾದರೂ ಇರಲಿ. ಮೂರನೇ ಮುದ್ರೆ ಯಾರೂ ಒತ್ತಿಕೊಡಲ್ಲ, ನಾವೇ ಒತ್ತಬೇಕು.

ಆರು ತಿಂಗಳಾದ ಮೇಲೆ ನಿಮ್ಮ ನೋಟ್‌ಬುಕ್ಕಿನ ಪುಟಗಳನ್ನು ಕಳಿಸಿ. ಎಲ್ಲಾ ಸೇರಿಸಿ ಕೂತು ಲೆಕ್ಕ ಹಾಕೋಣ, ಊರಿನಿಂದ ಕೇರಿಗೆ ನಿಜವಾಗಿ ಎಷ್ಟು ದಿನದ ದಾರಿ ಅಂತ.

ಜೈಭೀಮ್.